ಆಮ್ಲಜನಕ ಹೋಗಿ ಸೇರುವ ಜಾಗ

ಉಸಿರು ನಿಂತರೆ ಜೀವ ಹೋಯಿತು ಎನ್ನುತ್ತೇವೆ. ಮೂಗಿನ ಬಳಿ ಬೆರಳಿಟ್ಟು ನೋಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಆದರೆ ಉಸಿರಾಟವೆಂಬುದು ಮೂಗು ಮತ್ತು ಶ್ವಾಸಕೋಶಗಳ ಕೆಲಸ ಮಾತ್ರವೇ? ಒಳಗೆಳೆದುಕೊಂಡ ಆಮ್ಲಜನಕ ಕೊನೆಗೆ ಹೋಗಿ ಸೇರುವುದಾದರೂ ಎಲ್ಲಿಗೆ?

ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಜೀವಕೋಶಕ್ಕೆ. ಇಷ್ಟು ದಾರಿ ಶಾಲೆಯ ಪಠ್ಯಪುಸ್ತಕದಲ್ಲೇ ಇದೆ. ಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಪುಟ್ಟ ಅಂಗಗಳಿವೆ. ಅವುಗಳ ಒಳಪೊರೆಯಲ್ಲಿ ಹುದುಗಿರುವ ಒಂದು ಕಿಣ್ವದ ಬಳಿ ಆಮ್ಲಜನಕದ ಪಯಣ ಮುಗಿಯುತ್ತದೆ. ಅದರ ಹೆಸರು ಸೈಟೋಕ್ರೋಮ್ ಆಕ್ಸಿಡೇಸ್. ನಾವು ಬಳಸುವ ಆಮ್ಲಜನಕದಲ್ಲಿ ಶೇಕಡಾ 90ಕ್ಕೂ ಹೆಚ್ಚು ಪಾಲನ್ನು ಖರ್ಚು ಮಾಡುವುದು ಈ ಒಂದೇ ಕಿಣ್ವ. ಇದು ನಿಂತರೆ ಶ್ವಾಸಕೋಶದ ತುಂಬ ಗಾಳಿಯಿದ್ದರೂ ಮನುಷ್ಯ ಬದುಕಲಾರ.

ಈ ಕಿಣ್ವವನ್ನು ಅರಿಯಲು ವಿಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅದರಲ್ಲಿ ಸುಮಾರು 40 ವರ್ಷ ಸುಮ್ಮನೆ ಕಳೆದುಹೋಯಿತು. ಕಣ್ಣಾರೆ ಕಂಡವನ ಮಾತನ್ನು ದೊಡ್ಡವರು ನಂಬಲಿಲ್ಲ ಎಂಬುದೇ ಅದಕ್ಕೆ ಕಾರಣ.

ಕುದುರೆ ಲಾಯದ ಮೇಲಿನ ಪ್ರಯೋಗಾಲಯ

ಚಾರ್ಲ್ಸ್ ಅಲೆಕ್ಸಾಂಡರ್ ಮೆಕ್‌ಮನ್ 1852ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವನು. ಡಬ್ಲಿನ್‌ನಲ್ಲಿ ವೈದ್ಯಕೀಯ ಓದಿ, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಎಂಬ ಕೈಗಾರಿಕಾ ಪಟ್ಟಣದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ. ಹಗಲೆಲ್ಲ ರೋಗಿಗಳು. ಬಿಡುವಾದಾಗ ಮನೆಯ ಹಿಂದಿನ ಕುದುರೆ ಲಾಯದ ಅಟ್ಟದಲ್ಲಿ ಸಂಶೋಧನೆ. ಆತನ ಮುಖ್ಯ ಸಲಕರಣೆ ಸ್ಪೆಕ್ಟ್ರೋಸ್ಕೋಪ್, ಅಂದರೆ ರೋಹಿತದರ್ಶಕ.

ಬೆಳಕನ್ನು ಕಾಮನಬಿಲ್ಲಿನ ಬಣ್ಣಗಳಾಗಿ ಬಿಡಿಸಿ ತೋರಿಸುವ ಉಪಕರಣವಿದು. ಬಣ್ಣವುಳ್ಳ ವಸ್ತುವಿನ ಮೂಲಕ ಹಾಯ್ದ ಬೆಳಕನ್ನು ಇದರಲ್ಲಿ ನೋಡಿದರೆ ಅಲ್ಲಲ್ಲಿ ಕಪ್ಪು ಪಟ್ಟೆಗಳು ಕಾಣುತ್ತವೆ. ಆ ವಸ್ತು ಹೀರಿಕೊಂಡ ಬಣ್ಣಗಳ ಜಾಗ ಅದು. ವಸ್ತುವಿಗೆ ತಕ್ಕಂತೆ ಪಟ್ಟೆಗಳ ಜಾಗವೂ ಬೇರೆ. ಹೀಗಾಗಿ ಅವು ಒಂದು ಬಗೆಯ ಬೆರಳಚ್ಚು ಇದ್ದಂತೆ. ರಕ್ತದ ಹಿಮೋಗ್ಲೋಬಿನ್‌ಗೆ ಇಂಥ ಪಟ್ಟೆಗಳಿವೆ ಎಂಬುದು ಆ ವೇಳೆಗಾಗಲೇ ಗೊತ್ತಿತ್ತು.

ಮೆಕ್‌ಮನ್ ಪ್ರಾಣಿಗಳ ಸ್ನಾಯು ಮತ್ತಿತರ ಅಂಗಾಂಶಗಳನ್ನು ತೆಳುವಾಗಿ ಸೀಳಿ ಹೀಗೆ ಪರೀಕ್ಷಿಸಿದ. ನಾಲ್ಕು ಪಟ್ಟೆಗಳು ಕಂಡವು. ಅವು ಹಿಮೋಗ್ಲೋಬಿನ್ನಿನ ಪಟ್ಟೆಗಳಂತಿರಲಿಲ್ಲ. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಮಾತ್ರವಲ್ಲ, ಕೆಂಪು ರಕ್ತವೇ ಇಲ್ಲದ ಕೀಟಗಳ ಸ್ನಾಯುವಿನಲ್ಲೂ ಅದೇ ಪಟ್ಟೆಗಳು. ರಕ್ತದ ಬಣ್ಣ ಬೇರೆ, ಅಂಗಾಂಶದ್ದೇ ಆದ ಈ ಬಣ್ಣ ಬೇರೆ ಎಂದು ಆತ ತೀರ್ಮಾನಿಸಿದ. ಸ್ನಾಯುವಿನದಕ್ಕೆ ಮಯೋಹಿಮ್ಯಾಟಿನ್, ಉಳಿದ ಅಂಗಾಂಶಗಳದಕ್ಕೆ ಹಿಸ್ಟೋಹಿಮ್ಯಾಟಿನ್ ಎಂದು ಹೆಸರಿಟ್ಟ. ಇದು ಕೋಶದ ಒಳಗಿನ ಉಸಿರಾಟಕ್ಕೆ ಸಂಬಂಧಪಟ್ಟ ವಸ್ತು ಎಂಬುದೂ ಆತನಿಗೆ ಹೊಳೆದಿತ್ತು. 1884ರಿಂದ 1886ರ ನಡುವೆ ಈ ಕುರಿತ ಲೇಖನಗಳು ಪ್ರಕಟವಾದವು. ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲೂ ಒಂದು ದೀರ್ಘ ಲೇಖನ ಬಂತು.

ಸಂಪಾದಕರ ಒಂದು ಟಿಪ್ಪಣಿ

ರಕ್ತದ ರಸಾಯನಶಾಸ್ತ್ರದಲ್ಲಿ ಆಗ ಜರ್ಮನಿಯ ಫೆಲಿಕ್ಸ್ ಹೊಪ್ಪೆ-ಸೈಲರ್‌ನನ್ನು ಮೀರಿದವರಿರಲಿಲ್ಲ. ಹಿಮೋಗ್ಲೋಬಿನ್‌ಗೆ ಆ ಹೆಸರು ಕೊಟ್ಟವನೇ ಆತ. ಶಾರೀರಿಕ ರಸಾಯನಶಾಸ್ತ್ರಕ್ಕೆ ಮೀಸಲಾದ ಪ್ರಮುಖ ಪತ್ರಿಕೆಯ ಸ್ಥಾಪಕನೂ ಸಂಪಾದಕನೂ ಅವನೇ. ಆತನ ಶಿಷ್ಯ ಲೆವಿ 1889ರಲ್ಲಿ ಮೆಕ್‌ಮನ್‌ನ ವಾದವನ್ನು ತಳ್ಳಿಹಾಕಿದ. ಮೆಕ್‌ಮನ್ ಕಂಡದ್ದು ಹೊಸ ವಸ್ತುವಲ್ಲ, ಹಿಮೋಗ್ಲೋಬಿನ್ ಕೆಟ್ಟು ಉಂಟಾದ ಪದಾರ್ಥ ಅಷ್ಟೇ ಎಂಬುದು ಅವನ ವಾದ.

ಮೆಕ್‌ಮನ್ ಉತ್ತರ ಬರೆದ. 1890ರಲ್ಲಿ ಹೊಪ್ಪೆ-ಸೈಲರ್ ಅದನ್ನು ತನ್ನ ಪತ್ರಿಕೆಯಲ್ಲಿ ಅಚ್ಚುಮಾಡಿದ. ಆದರೆ ಕೊನೆಯಲ್ಲಿ, ಈ ವಿಷಯದ ಚರ್ಚೆ ಇನ್ನು ಮುಂದುವರಿಸುವ ಅಗತ್ಯ ಕಾಣುವುದಿಲ್ಲ ಎಂಬ ಅರ್ಥದ ಒಂದು ಸಂಪಾದಕೀಯ ಟಿಪ್ಪಣಿ ಸೇರಿಸಿದ. ಚರ್ಚೆ ನಿಜಕ್ಕೂ ಅಲ್ಲಿಗೇ ಮುಗಿಯಿತು. ಪಟ್ಟಣದ ವೈದ್ಯನೊಬ್ಬನ ಮಾತು ದೊಡ್ಡ ಪ್ರಾಧ್ಯಾಪಕನ ಮಾತಿನ ಮುಂದೆ ನಿಲ್ಲಲಿಲ್ಲ.

ಮೆಕ್‌ಮನ್‌ನ ವಾದದಲ್ಲಿ ದೌರ್ಬಲ್ಯ ಇರಲಿಲ್ಲವೆಂದಲ್ಲ. ಆ ಬಣ್ಣದ ವಸ್ತುವನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿ ತೋರಿಸಲು ಆತನಿಂದ ಆಗಲಿಲ್ಲ. ಪಾರಿವಾಳದ ಸ್ನಾಯುವಿನಲ್ಲಿ ರಕ್ತ ಬೆರೆತಿತ್ತು ಎಂದು ಹೇಳಬಹುದು. ಆದರೆ ಹಿಮೋಗ್ಲೋಬಿನ್ನೇ ಇಲ್ಲದ ಕೀಟದಲ್ಲಿ ಕೆಡಲು ಹಿಮೋಗ್ಲೋಬಿನ್ ಎಲ್ಲಿಂದ ಬಂತು? ಈ ಪ್ರಶ್ನೆಗೆ ಎದುರಾಳಿಗಳು ಸಮರ್ಪಕ ಉತ್ತರ ಕೊಡಲೇ ಇಲ್ಲ.

1911ರಲ್ಲಿ ಮೆಕ್‌ಮನ್ ತೀರಿಕೊಂಡ. ಮೂರು ವರ್ಷದ ನಂತರ ಆತನ ಪುಸ್ತಕ ಅಚ್ಚಾಯಿತು. ಹೊಪ್ಪೆ-ಸೈಲರ್‌ನ ಹೆಸರಿನ ಭಾರವೇ ತನ್ನ ಮಾತಿಗೆ ಅಡ್ಡಿಯಾಯಿತೆಂದೂ, ಕಾಲ ಬಂದಾಗ ಈ ವಸ್ತು ಪಠ್ಯಪುಸ್ತಕ ಸೇರುವುದೆಂದೂ ಆತ ಅದರಲ್ಲಿ ಬರೆದಿದ್ದ.

ನೊಣದಿಂದ ಯೀಸ್ಟಿಗೆ

ಆ ಕಾಲ ಬಂದದ್ದು ತೀರ ಅನಿರೀಕ್ಷಿತ ದಾರಿಯಲ್ಲಿ. ಡೇವಿಡ್ ಕೈಲಿನ್ ಪೋಲೆಂಡ್ ಮೂಲದವನು. ಹುಟ್ಟಿದ್ದು 1887ರಲ್ಲಿ ಮಾಸ್ಕೋದಲ್ಲಿ, ಬೆಳೆದದ್ದು ವಾರ್ಸಾದಲ್ಲಿ. 1915ರಲ್ಲಿ ಕೇಂಬ್ರಿಜ್‌ಗೆ ಬಂದು ಅಲ್ಲೇ ನೆಲೆಸಿದ. ಆತ ರಸಾಯನಶಾಸ್ತ್ರಜ್ಞನಲ್ಲ, ಪರಾವಲಂಬಿ ಜೀವಿಗಳನ್ನು ಅಭ್ಯಾಸ ಮಾಡುತ್ತಿದ್ದವನು.

ಕುದುರೆಯ ಜಠರದಲ್ಲಿ ಬೆಳೆಯುವ ಒಂದು ಬಗೆಯ ನೊಣದ ಮರಿಹುಳುವಿನಲ್ಲಿ ಹಿಮೋಗ್ಲೋಬಿನ್ ಇರುತ್ತದೆ. ಕೀಟಗಳಲ್ಲಿ ಇದು ಅಪರೂಪ. ಹುಳು ರೆಕ್ಕೆ ಮೂಡಿ ನೊಣವಾದ ಮೇಲೆ ಆ ಹಿಮೋಗ್ಲೋಬಿನ್ ಏನಾಗುತ್ತದೆ ಎಂದು ಕೈಲಿನ್ ಹುಡುಕಹೊರಟ. ನೊಣದ ರೆಕ್ಕೆಯ ಸ್ನಾಯುವನ್ನು ರೋಹಿತದರ್ಶಕದಲ್ಲಿ ನೋಡಿದರೆ ನಾಲ್ಕು ಪಟ್ಟೆಗಳು! ಅವು ಹಿಮೋಗ್ಲೋಬಿನ್ನಿನವಲ್ಲ. ಬೇರೆ ಕೀಟಗಳಲ್ಲೂ ಅವೇ ಪಟ್ಟೆಗಳು. ಕೊನೆಗೆ ಬ್ರೆಡ್ಡಿಗೆ ಹಾಕುವ ಯೀಸ್ಟಿನಲ್ಲೂ ಅವೇ.

ಯೀಸ್ಟ್ ಕದಡಿದ ನೀರಿನ ನಳಿಕೆಯನ್ನು ಕೈಲಿನ್ ಒಮ್ಮೆ ಚೆನ್ನಾಗಿ ಅಲುಗಾಡಿಸಿದ. ತಿರುಗಿ ನೋಡುವಷ್ಟರಲ್ಲಿ ಪಟ್ಟೆಗಳು ಮಾಯವಾಗಿದ್ದವು. ನಳಿಕೆಯನ್ನು ಸುಮ್ಮನೆ ಬಿಟ್ಟರೆ ಮತ್ತೆ ಕಾಣಿಸಿಕೊಂಡವು. ಅಲುಗಾಡಿಸಿದಾಗ ಗಾಳಿ ಬೆರೆಯುತ್ತದೆ, ಬಣ್ಣದ ವಸ್ತು ಆಮ್ಲಜನಕದ ಪ್ರಭಾವಕ್ಕೆ ಸಿಕ್ಕಿ ಪಟ್ಟೆ ಮಸುಕಾಗುತ್ತದೆ. ಯೀಸ್ಟ್ ಆ ಆಮ್ಲಜನಕವನ್ನು ಬಳಸಿ ಮುಗಿಸಿದೊಡನೆ ಪಟ್ಟೆ ಮರಳುತ್ತದೆ. ಜೀವಂತ ಕೋಶದೊಳಗೆ ಉಸಿರಾಟ ನಡೆಯುವುದನ್ನು ಮನುಷ್ಯ ಕಣ್ಣಿನಿಂದ ನೋಡಿದ ಕ್ಷಣ ಅದು.

ಈ ವಸ್ತುವಿಗೆ ಕೈಲಿನ್ ಕೊಟ್ಟ ಹೆಸರು ಸೈಟೋಕ್ರೋಮ್. ಕೋಶದ ಬಣ್ಣ ಎಂಬುದು ಅದರ ಅರ್ಥ. 1925ರಲ್ಲಿ ಪ್ರಕಟವಾದ ಲೇಖನದಲ್ಲಿ ಆತ ಮಾಡಿದ ಇನ್ನೊಂದು ಕೆಲಸವನ್ನು ಮರೆಯುವಂತಿಲ್ಲ. ಇದನ್ನು ಮೊದಲು ಕಂಡವನು ಮೆಕ್‌ಮನ್ ಎಂದು ಸ್ಪಷ್ಟವಾಗಿ ಬರೆದು, ಎಲ್ಲರೂ ಮರೆತಿದ್ದ ವೈದ್ಯನಿಗೆ ಸಲ್ಲಬೇಕಾದ ಗೌರವ ಸಲ್ಲಿಸಿದ. ಇದು ಒಂದೇ ವಸ್ತುವಲ್ಲ, ಎ, ಬಿ, ಸಿ ಎಂಬ ಮೂರು ಸೈಟೋಕ್ರೋಮ್‌ಗಳ ಗುಂಪು ಎಂದೂ ತೋರಿಸಿಕೊಟ್ಟ.

ಬೆಳಕಿಗೆ ಸಿಕ್ಕಿಬಿದ್ದ ಕಿಣ್ವ

ಅದೇ ವರ್ಷಗಳಲ್ಲಿ ಬರ್ಲಿನ್ನಿನಲ್ಲಿ ಆಟೋ ವಾರ್ಬುರ್ಗ್ ಇನ್ನೊಂದು ತುದಿಯಿಂದ ಹೊರಟಿದ್ದ. ಆಮ್ಲಜನಕದೊಡನೆ ನೇರವಾಗಿ ವ್ಯವಹರಿಸುವ ಕಿಣ್ವವೊಂದು ಇರಲೇಬೇಕು, ಅದರಲ್ಲಿ ಕಬ್ಬಿಣ ಇರಬೇಕು ಎಂಬುದು ಅವನ ನಂಬಿಕೆ. ಆದರೆ ಆ ಕಿಣ್ವ ಕೈಗೆ ಸಿಗುತ್ತಿರಲಿಲ್ಲ. ಕೋಶದಲ್ಲಿ ಅದರ ಪ್ರಮಾಣ ತೀರ ಕಡಿಮೆ.

ವಾರ್ಬುರ್ಗ್ ಒಂದು ಉಪಾಯ ಹೂಡಿದ. ಕಾರ್ಬನ್ ಮಾನಾಕ್ಸೈಡ್ ಅನಿಲ ಯೀಸ್ಟಿನ ಉಸಿರಾಟವನ್ನು ತಡೆಯುತ್ತದೆ. ಬೆಳಕು ಬಿಟ್ಟರೆ ಅನಿಲ ಕಿಣ್ವವನ್ನು ಬಿಟ್ಟುಕೊಡುತ್ತದೆ, ಉಸಿರಾಟ ಮತ್ತೆ ಶುರುವಾಗುತ್ತದೆ. ಹಾಗಾದರೆ ಯಾವ ಬಣ್ಣದ ಬೆಳಕಿಗೆ ಎಷ್ಟು ಪರಿಣಾಮ? ಒಂದೊಂದೇ ಬಣ್ಣವನ್ನು ಬಿಟ್ಟು ಅಳೆಯುತ್ತ ಹೋದ. ಕಿಣ್ವವನ್ನು ಒಮ್ಮೆಯೂ ಬೇರ್ಪಡಿಸದೆ, ಅದು ಯಾವ ಯಾವ ಬಣ್ಣವನ್ನು ಹೀರುತ್ತದೆ ಎಂಬ ನಕ್ಷೆ ಸಿದ್ಧವಾಯಿತು. ರಕ್ತದಲ್ಲಿರುವಂಥದೇ ಕಬ್ಬಿಣದ ಹೀಮ್ ಅದರಲ್ಲೂ ಇರುವುದು ಖಚಿತವಾಯಿತು. 1931ರ ನೊಬೆಲ್ ಪ್ರಶಸ್ತಿ ವಾರ್ಬುರ್ಗ್‌ಗೆ ಬಂತು. ಕೈಲಿನ್‌ಗೆ ಆ ಪ್ರಶಸ್ತಿ ಕೊನೆಗೂ ಬರಲಿಲ್ಲ.

ಇಬ್ಬರೂ ಹುಡುಕುತ್ತಿದ್ದ ಎಳೆಗಳು ಸೇರಿದ್ದು 1939ರಲ್ಲಿ. ಕೈಲಿನ್ ಮತ್ತು ಆತನ ಸಹೋದ್ಯೋಗಿ ಹಾರ್ಟ್ರೀ ಸೈಟೋಕ್ರೋಮ್ ಎ-ಯ ಜೊತೆಗೇ ಅಡಗಿದ್ದ ಇನ್ನೊಂದು ಘಟಕವನ್ನು ಗುರುತಿಸಿದರು. ವಾರ್ಬುರ್ಗ್‌ನ ಕಿಣ್ವವೂ, ಸೈಟೋಕ್ರೋಮ್ ಸರಣಿಯ ಕೊನೆಯಲ್ಲಿ ನಿಂತ ಸೈಟೋಕ್ರೋಮ್ ಆಕ್ಸಿಡೇಸೂ ಒಂದೇ ಎಂಬುದು ಕ್ರಮೇಣ ಸ್ಥಿರಪಟ್ಟಿತು.

ನೀರು ಮಾಡುವ ಯಂತ್ರ

ಈ ಕಿಣ್ವ ಮಾಡುವುದಾದರೂ ಏನು? ತಿಂದ ಅನ್ನ, ಮುದ್ದೆ, ಎಣ್ಣೆ ಎಲ್ಲವೂ ಜೀರ್ಣವಾಗಿ ಕೋಶಕ್ಕೆ ಸೇರಿದ ಮೇಲೆ ಅವುಗಳಿಂದ ಎಲೆಕ್ಟ್ರಾನುಗಳು ಹೊರಬರುತ್ತವೆ. ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತವರು ಕೊಡ ದಾಟಿಸುವಂತೆ, ಮೈಟೊಕಾಂಡ್ರಿಯದ ಪೊರೆಯಲ್ಲಿ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಎಲೆಕ್ಟ್ರಾನುಗಳು ದಾಟುತ್ತವೆ. ಸಾಲಿನ ಕೊನೆಯವನು ಸೈಟೋಕ್ರೋಮ್ ಆಕ್ಸಿಡೇಸ್. ಅದು ನಾಲ್ಕು ಎಲೆಕ್ಟ್ರಾನುಗಳನ್ನೂ ನಾಲ್ಕು ಪ್ರೋಟಾನುಗಳನ್ನೂ ಒಂದು ಆಮ್ಲಜನಕದ ಅಣುವಿಗೆ ಸೇರಿಸಿ ಎರಡು ನೀರಿನ ಅಣುಗಳನ್ನು ಮಾಡುತ್ತದೆ. ಕೊನೆಯವನು ಕೊಡ ಇಳಿಸಿಕೊಳ್ಳದಿದ್ದರೆ ಇಡೀ ಸಾಲು ನಿಲ್ಲುವಂತೆ, ಈ ಕಿಣ್ವ ನಿಂತರೆ ಹಿಂದಿನ ಎಲ್ಲ ಹಂತಗಳೂ ನಿಲ್ಲುತ್ತವೆ.

ಎಲೆಕ್ಟ್ರಾನು ದಾಟುವಾಗ ಬಿಡುಗಡೆಯಾಗುವ ಶಕ್ತಿಯಿಂದ ಪೊರೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಪ್ರೋಟಾನುಗಳು ಪಂಪ್ ಆಗುತ್ತವೆ. ಅಣೆಕಟ್ಟೆಯಲ್ಲಿ ನೀರು ನಿಂತಂತೆ ಅವು ಅಲ್ಲಿ ಜಮೆಯಾಗುತ್ತವೆ. ಮರಳಿ ಇಳಿಯುವಾಗ ಇನ್ನೊಂದು ಕಿಣ್ವವನ್ನು ತಿರುಗಿಸಿ ಎಟಿಪಿ ಎಂಬ ಶಕ್ತಿಯ ನಾಣ್ಯವನ್ನು ಟಂಕಿಸುತ್ತವೆ. ಸ್ನಾಯು ಮಿಡಿಯಲು, ಮಿದುಳು ಯೋಚಿಸಲು ಖರ್ಚಾಗುವುದು ಈ ನಾಣ್ಯವೇ. ಎಟಿಪಿಯನ್ನು 1929ರಲ್ಲಿ ಜರ್ಮನಿಯ ಕಾರ್ಲ್ ಲೋಹ್‌ಮನ್ ಕಂಡುಹಿಡಿದ. ಅದೇ ವರ್ಷ ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಮತ್ತು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಸ್ವತಂತ್ರವಾಗಿ ಅದನ್ನೇ ಕಂಡರು.

ಅಣೆಕಟ್ಟೆಯ ಈ ತತ್ವವನ್ನು 1961ರಲ್ಲಿ ಮಂಡಿಸಿದವನು ಇಂಗ್ಲೆಂಡಿನ ಪೀಟರ್ ಮಿಚೆಲ್. ಬಹಳ ಜನ ನಂಬಲಿಲ್ಲ. 1978ರಲ್ಲಿ ಆತನಿಗೆ ನೊಬೆಲ್ ಬಂತು. ಇಲ್ಲೊಂದು ವಿಚಿತ್ರವಿದೆ. ಸೈಟೋಕ್ರೋಮ್ ಆಕ್ಸಿಡೇಸ್ ಕೂಡ ಪ್ರೋಟಾನ್ ಪಂಪ್ ಮಾಡುತ್ತದೆ ಎಂದು ಫಿನ್‌ಲೆಂಡಿನ ಮಾರ್ಟೆನ್ ವಿಕ್‌ಸ್ಟ್ರಾಮ್ 1977ರಲ್ಲಿ ತೋರಿಸಿದಾಗ, ಅದನ್ನು ಹಲವು ವರ್ಷ ಒಪ್ಪದೆ ಹಟ ಹಿಡಿದವನು ಇದೇ ಮಿಚೆಲ್. ಆದರೆ ವಾದ ಮುಂದುವರಿಯಿತು, ಪ್ರಯೋಗಗಳು ನಡೆದವು. ಕೊನೆಗೆ ಮಿಚೆಲ್ ಒಪ್ಪಿಕೊಂಡ. ಹೊಪ್ಪೆ-ಸೈಲರ್‌ನ ಕಾಲಕ್ಕೂ ಈ ಕಾಲಕ್ಕೂ ಇದ್ದ ವ್ಯತ್ಯಾಸ ಇಷ್ಟೇ. ಇಲ್ಲಿ ಯಾರೂ ಚರ್ಚೆಯ ಬಾಗಿಲು ಮುಚ್ಚಲಿಲ್ಲ.

1995ರಲ್ಲಿ ಈ ಕಿಣ್ವದ ರೂಪವೇ ಕಾಣಿಸಿತು. ಜಪಾನಿನ ಶಿನ್ಯಾ ಯೋಶಿಕಾವಾ ಅವರ ತಂಡ ದನದ ಹೃದಯದ ಕಿಣ್ವವನ್ನೂ, ಜರ್ಮನಿಯ ಹಾರ್ಟ್‌ಮುಟ್ ಮಿಶೆಲ್ ಅವರ ತಂಡ ಒಂದು ಬ್ಯಾಕ್ಟೀರಿಯದ ಕಿಣ್ವವನ್ನೂ ಹರಳುಗಟ್ಟಿಸಿ ಎಕ್ಸ್-ರೇ ಮೂಲಕ ಅವುಗಳ ರಚನೆ ಬಿಡಿಸಿದವು. ಒಂದು ಡಜನ್ನಿಗೂ ಹೆಚ್ಚು ಪ್ರೋಟೀನ್ ತುಂಡುಗಳು, ಎರಡು ಹೀಮ್‌ಗಳು, ಮೂರು ತಾಮ್ರದ ಪರಮಾಣುಗಳು ಸೇರಿ ಆದ ಯಂತ್ರವಿದು.

ಚಿನ್ನ ತೆಗೆಯುವ ವಿಷ

ಈ ಕಿಣ್ವದ ಮಹತ್ವವನ್ನು ಎಲ್ಲಕ್ಕಿಂತ ಕ್ರೂರವಾಗಿ ತೋರಿಸಿಕೊಡುವುದು ಸೈನೈಡ್. ಕೋಲಾರದ ಚಿನ್ನದ ಗಣಿಯಲ್ಲಿ ಅದಿರಿನ ಪುಡಿಯಿಂದ ಚಿನ್ನ ಬಿಡಿಸಲು ಸೈನೈಡ್ ದ್ರಾವಣ ಬಳಸುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ತೆಗೆದು ಉಳಿದ ಮಣ್ಣಿನ ದಿಬ್ಬಗಳು ಗುಡ್ಡದಂತೆ ಇನ್ನೂ ನಿಂತಿವೆ. ಅವನ್ನು ಸೈನೈಡ್ ದಿಬ್ಬ ಎಂದೇ ಕರೆಯುತ್ತಾರೆ.

ಲೋಹವನ್ನು ಬಿಗಿಯಾಗಿ ಹಿಡಿಯುವುದು ಸೈನೈಡಿನ ಗುಣ. ಅದಿರಿನಲ್ಲಿ ಚಿನ್ನವನ್ನು ಹಿಡಿದಂತೆ, ಮೈಯೊಳಗೆ ಹೋದರೆ ಈ ಕಿಣ್ವದ ಕಬ್ಬಿಣವನ್ನು ಹಿಡಿಯುತ್ತದೆ. ಆಮ್ಲಜನಕ ಕೂರಬೇಕಾದ ಜಾಗ ಮುಚ್ಚಿಹೋಗುತ್ತದೆ. ಸೈನೈಡ್ ಸೇರಿದವರ ಅಭಿಧಮನಿಯ ರಕ್ತವೂ ಕಡುಗೆಂಪಾಗಿರುತ್ತದೆ. ಆಮ್ಲಜನಕ ರಕ್ತದಲ್ಲಿ ಬೇಕಾದಷ್ಟಿದೆ, ಬಳಸಿಕೊಳ್ಳುವವರಿಲ್ಲ!

ಪ್ರತಿವಿಷ ಬಂದದ್ದೂ ಇದೇ ತಿಳಿವಳಿಕೆಯಿಂದ. ಸೋಡಿಯಂ ನೈಟ್ರೈಟ್ ಕೊಟ್ಟರೆ ರಕ್ತದ ಹಿಮೋಗ್ಲೋಬಿನ್ನಿನ ಒಂದು ಪಾಲು ರೂಪ ಬದಲಿಸಿ, ಸೈನೈಡನ್ನು ಕಿಣ್ವದಿಂದ ತನ್ನತ್ತ ಸೆಳೆದುಕೊಳ್ಳುತ್ತದೆ. ಹೈಡ್ರಾಕ್ಸೊಕೊಬಾಲಮಿನ್ ಎಂಬ ಇನ್ನೊಂದು ಔಷಧಿಯ ಕೋಬಾಲ್ಟ್ ಸೈನೈಡನ್ನು ಹಿಡಿದು ನಿರಪಾಯಕಾರಿಯಾದ ಬಿ-12 ಜೀವಸತ್ವವಾಗಿ ಬದಲಾಗುತ್ತದೆ.

ಕಂದಮ್ಮಗಳ ಕಾಯಿಲೆ

ವಿಷ ಬೇಕಿಲ್ಲ, ಹುಟ್ಟಿನಿಂದಲೇ ಈ ಕಿಣ್ವ ದುರ್ಬಲವಾಗಿದ್ದರೆ? 1951ರಲ್ಲಿ ಬ್ರಿಟನ್ನಿನ ಡೆನಿಸ್ ಲೀ ಎಂಬ ವೈದ್ಯ, ಏಳು ತಿಂಗಳಿಗೇ ತೀರಿಕೊಂಡ ಮಗುವೊಂದರ ಮಿದುಳನ್ನು ಪರೀಕ್ಷಿಸಿ ವರದಿ ಬರೆದ. ಮಿದುಳಿನ ಎರಡೂ ಬದಿಯ ಒಂದೇ ಜಾಗಗಳಲ್ಲಿ ಕೋಶಗಳು ಸತ್ತಿದ್ದವು. ಮುಂದೆ ಇದು ಲೀ ಸಿಂಡ್ರೋಮ್ ಎನಿಸಿತು. ಈ ಕಾಯಿಲೆಗೆ ಕಾರಣ ಹಲವು. ಸೈಟೋಕ್ರೋಮ್ ಆಕ್ಸಿಡೇಸ್ ಕೊರತೆ ಅವುಗಳಲ್ಲಿ ಮುಖ್ಯವಾದದ್ದು.

ಮಿದುಳು, ಹೃದಯ, ಸ್ನಾಯುಗಳಿಗೆ ಶಕ್ತಿಯ ಹಸಿವು ಹೆಚ್ಚು. ಹೀಗಾಗಿ ಅವೇ ಮೊದಲು ಸೋಲುತ್ತವೆ. ಆಮ್ಲಜನಕ ಬಳಸಲಾರದ ಕೋಶ ಸಕ್ಕರೆಯನ್ನು ಅರೆಬರೆ ಒಡೆದು ಬದುಕಲು ನೋಡುತ್ತದೆ. ಅದರಿಂದ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಚೆನ್ನಾಗಿದ್ದ ಕೂಸು ಸಣ್ಣ ಜ್ವರ ಬಂದದ್ದೇ ನೆಪವಾಗಿ ಕತ್ತು ನಿಲ್ಲಿಸಲಾರದಂತಾಗಬಹುದು, ಕಲಿತದ್ದನ್ನು ಮರೆಯಬಹುದು.

ಲೀ ಸಿಂಡ್ರೋಮ್ ಇದ್ದ ಅನೇಕ ಮಕ್ಕಳಲ್ಲಿ ಕಿಣ್ವದ ತುಂಡುಗಳನ್ನು ರೂಪಿಸುವ ವಂಶವಾಹಿಗಳೆಲ್ಲ ಸರಿಯಾಗಿಯೇ ಇದ್ದವು. ವೈದ್ಯರಿಗೆ ಇದೇ ಒಗಟಾಗಿತ್ತು. 1998ರಲ್ಲಿ ಕೆನಡಾ ಮತ್ತು ಇಟಲಿಯ ತಂಡಗಳು ಪ್ರತ್ಯೇಕವಾಗಿ ಉತ್ತರ ಕಂಡವು. ಕೆಟ್ಟಿದ್ದು ಸರ್ಫ್-1 ಎಂಬ ವಂಶವಾಹಿ. ಅದು ರೂಪಿಸುವ ಪ್ರೋಟೀನ್ ಕಿಣ್ವದ ಭಾಗವೇ ಅಲ್ಲ, ಅದನ್ನು ಜೋಡಿಸಲು ನೆರವಾಗುವ ಮೇಸ್ತ್ರಿ. ಇಟ್ಟಿಗೆ, ಗಾರೆ ಎಲ್ಲ ಇದ್ದೂ ಮೇಸ್ತ್ರಿ ಬಾರದಿದ್ದರೆ ಮನೆ ಏಳುವುದು ಹೇಗೆ?

ಸಾಗ್ನೇ ಕಣಿವೆಯ ಕುಟುಂಬಗಳು

ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸಾಗ್ನೇ-ಲಾಕ್ ಸೇಂಟ್ ಜಾನ್ ಎಂಬ ಪ್ರದೇಶವಿದೆ. 19ನೇ ಶತಮಾನದಲ್ಲಿ ಕಡಿಮೆ ಸಂಖ್ಯೆಯ ಫ್ರೆಂಚ್ ಮೂಲದ ಕುಟುಂಬಗಳು ಅಲ್ಲಿ ನೆಲೆಸಿದವು. ಇಂದಿನ ಜನರಲ್ಲಿ ಬಹುಪಾಲು ಅವರ ಸಂತತಿ. ಪೂರ್ವಜರೊಬ್ಬರಲ್ಲಿದ್ದ ದೋಷ ತಲೆಮಾರುಗಳಲ್ಲಿ ಹರಡಿತು. 1993ರ ಅಧ್ಯಯನದಂತೆ ಅಲ್ಲಿ 23 ಜನರಲ್ಲಿ ಒಬ್ಬರು ಈ ದೋಷದ ವಾಹಕರು. ಸುಮಾರು 2,000 ಶಿಶುಗಳಲ್ಲಿ ಒಂದಕ್ಕೆ ಕಾಯಿಲೆ. ಅಂಥ ಮಕ್ಕಳಲ್ಲಿ ಅನೇಕರು ಎಳವೆಯಲ್ಲೇ ತೀರಿಕೊಳ್ಳುತ್ತಿದ್ದರು.

ಮಕ್ಕಳನ್ನು ಕಳೆದುಕೊಂಡ ತಂದೆ ತಾಯಂದಿರು ಸಂಘ ಕಟ್ಟಿಕೊಂಡು ಸಂಶೋಧನೆಗೆ ಒತ್ತಾಯಿಸಿದರು. 2003ರಲ್ಲಿ ಭಾರತೀಯ ಮೂಲದ ಅಮೆರಿಕನ್ ವಿಜ್ಞಾನಿ ವಂಶಿ ಮೂಥಾ ಮತ್ತು ಅವರ ಸಹೋದ್ಯೋಗಿಗಳು ದೋಷವಿದ್ದ ವಂಶವಾಹಿಯನ್ನು ಗುರುತಿಸಿದರು. ಯಾವ ವಂಶವಾಹಿಗಳು ಮೈಟೊಕಾಂಡ್ರಿಯದವುಗಳ ಜೊತೆಜೊತೆಗೇ ಚುರುಕಾಗುತ್ತವೆ ಎಂಬ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ತಾಳೆ ಹಾಕಿ ನೋಡಿದ ವಿಧಾನ ಆಗ ಹೊಸದಾಗಿತ್ತು. 2010ರಿಂದ ಆ ಪ್ರದೇಶದಲ್ಲಿ ಮಕ್ಕಳನ್ನು ಪಡೆಯಬಯಸುವವರಿಗೆ ವಾಹಕ ಪರೀಕ್ಷೆ ನೀಡುವ ಕಾರ್ಯಕ್ರಮ ಪ್ರಾಯೋಗಿಕವಾಗಿ ಆರಂಭವಾಯಿತು.

ಕನ್ನಡನಾಡಿಗೂ ಇದರಲ್ಲಿ ಒಂದು ಪಾಠವಿದೆ. ಸರ್ಫ್-1 ದೋಷವಾಗಲಿ, ಸಾಗ್ನೇ ದೋಷವಾಗಲಿ ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಮಗುವಿಗೆ ಕಾಯಿಲೆ. ಒಬ್ಬರಿಂದ ಬಂದರೆ ಏನೂ ಆಗದು, ಗೊತ್ತೂ ಆಗದು. ಸೋದರಮಾವನಿಗೆ ಮಗಳನ್ನು ಕೊಡುವ, ಅತ್ತೆಯ ಮಗ ಮಾವನ ಮಗಳ ನಡುವೆ ಸಂಬಂಧ ಬೆಳೆಸುವ ಪದ್ಧತಿ ನಮ್ಮಲ್ಲಿ ಹಳೆಯದು. ಒಂದೇ ಅಜ್ಜ ಅಜ್ಜಿಯಿಂದ ಬಂದ ದೋಷ ಎರಡು ದಾರಿಯಲ್ಲಿ ಬಂದು ಕೂಡುವ ಸಾಧ್ಯತೆ ಇಂಥ ಮದುವೆಯಲ್ಲಿ ಹೆಚ್ಚು. ಮನೆತನದಲ್ಲಿ ಎಳೆಯ ಮಕ್ಕಳು ಕಾರಣ ತಿಳಿಯದೆ ತೀರಿಕೊಂಡಿದ್ದರೆ ಮದುವೆಗೆ ಮೊದಲು ಆನುವಂಶಿಕ ಸಲಹೆ ಪಡೆಯುವುದು ಜಾಣತನ.

ಈ ಕಿಣ್ವದ ಮೂರು ದೊಡ್ಡ ತುಂಡುಗಳ ಕತೆಯೇ ಬೇರೆ. ಮೈಟೊಕಾಂಡ್ರಿಯಕ್ಕೆ ಅದರದೇ ಆದ ಪುಟ್ಟ ಡಿಎನ್‌ಎ ಇದೆ. 1981ರಲ್ಲಿ ಕೇಂಬ್ರಿಜ್‌ನಲ್ಲಿ ಅದನ್ನು ಪೂರ್ತಿ ಓದಲಾಯಿತು. ಉದ್ದ 16,569 ಅಕ್ಷರಗಳು, ವಂಶವಾಹಿಗಳು 37. ಆ ಮೂರು ತುಂಡುಗಳ ಸೂತ್ರ ಇರುವುದು ಅದರಲ್ಲೇ. ಈ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಇದರ ದೋಷ ಮಗುವಿಗೆ ಹೋಗದಂತೆ, ಬೇರೊಬ್ಬ ಮಹಿಳೆಯ ಆರೋಗ್ಯಕರ ಮೈಟೊಕಾಂಡ್ರಿಯ ಬಳಸುವ ವಿಧಾನಕ್ಕೆ ಬ್ರಿಟನ್ 2015ರಲ್ಲಿ ಕಾನೂನಿನ ಒಪ್ಪಿಗೆ ನೀಡಿತು. ನ್ಯೂಕ್ಯಾಸಲ್‌ನಲ್ಲಿ ಹೀಗೆ ಎಂಟು ಮಕ್ಕಳು ಹುಟ್ಟಿದ್ದನ್ನು ವೈದ್ಯರು 2025ರಲ್ಲಿ ವರದಿ ಮಾಡಿದರು. ಆದರೆ ಸಾಗ್ನೇ ಕಾಯಿಲೆಗೆ ಈ ದಾರಿ ಇಲ್ಲ. ಆ ದೋಷ ಇರುವುದು ಕೋಶಕೇಂದ್ರದ ಡಿಎನ್‌ಎಯಲ್ಲಿ.

ಹುಟ್ಟಿದ ಮಗುವಿಗೆ ಕೆಟ್ಟ ಕಿಣ್ವದ ಬದಲು ಹೊಸದನ್ನು ಕೊಡುವ ಔಷಧಿ ಇನ್ನೂ ಬಂದಿಲ್ಲ. ಮಗು ಉಪವಾಸ ಬೀಳದಂತೆ, ಜ್ವರ ಏರದಂತೆ ಕಾಯುವುದೇ ಇಂದಿಗೂ ಚಿಕಿತ್ಸೆಯ ದೊಡ್ಡ ಪಾಲು. ಆದರೆ ಕಾಯಿಲೆ ಯಾವುದು, ಏಕೆ ಬಂತು, ಮುಂದಿನ ಮಗುವಿಗೆ ಬರುವ ಸಂಭವ ಎಷ್ಟು ಎಂದು ಹೆತ್ತವರಿಗೆ ಹೇಳಲು ಇಂದಿನ ವೈದ್ಯರಿಗೆ ಸಾಧ್ಯವಾಗಿದೆ. 1951ರಲ್ಲಿ ಡೆನಿಸ್ ಲೀಗೆ ಇದು ಸಾಧ್ಯವಿರಲಿಲ್ಲ. ಮೆಕ್‌ಮನ್ ಹೇಳಿದಂತೆ ಆತ ಕಂಡ ಬಣ್ಣ ಪಠ್ಯಪುಸ್ತಕ ಸೇರಿದೆ. ಅಲ್ಲಿಂದ ಮಗುವಿನ ತೊಟ್ಟಿಲವರೆಗೆ ಅದನ್ನು ತಲುಪಿಸುವ ಕೆಲಸ ಇನ್ನೂ ಬಾಕಿಯಿದೆ.